ಓನೊರೀನಜ್ಜಿಯ ಅಳತೆ

ನಮ್ಮ ಮನೆಯಲ್ಲಿ ಎರಡು ಪಂಗಡ: ಮರದವರು ಮತ್ತು ಬಟ್ಟೆಯವರು. ಪ್ಯಾರಿಸ್ಸಿನ ಸೇಂಟ್ ಆಂಟ್ವಾನ್ ಬೀದಿಯ ಒಳಂಗಳವೊಂದರಲ್ಲಿ ನನ್ನ ಮುತ್ತಜ್ಜನ ಅಪ್ಪ ಕುರ್ಚಿ ಮಾಡಲು ಶುರುಮಾಡಿದ. ಅವನ ಮಗ ಅಂಗಳದ ಆಚೆ ಬದಿಯಲ್ಲಿ ಪರದೆ, ಮೆತ್ತೆ ಹೊಲಿಯುತ್ತಿದ್ದವರ ಮಗಳನ್ನು ಮದುವೆಯಾದ. ಅಂದಿನಿಂದ ಅಂಗಡಿಯ ಬೋರ್ಡು 'ಗ್ರಾಂಜಾರ್: ಪೀಠೋಪಕರಣ ಮತ್ತು ಅಲಂಕಾರ' ಎಂದಾಯಿತು, ಮನೆಯ ನೆಮ್ಮದಿ ಹೋಯಿತು. ಕುರ್ಚಿ ಕಿರುಗುಟ್ಟಿದರೆ ಬಟ್ಟೆಯವರು ಮರದವರನ್ನು ಬೈದರು. ಕೂತವರಿಗೆ ಬೆನ್ನು ನೋವು ಬಂದರೆ ಮರದವರು ಮೆತ್ತೆಯನ್ನು ದೂರಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದಾಗ ಕುರ್ಚಿ ಕೊಳ್ಳುವವರಿಲ್ಲದೆ ಎರಡೂ ಕಡೆಯವರು ಸೇರಿ ಮರದ ಅಟ್ಟೆಯ ಚಪ್ಪಲಿ ಮಾಡಿ ಹೊಟ್ಟೆ ಹೊರೆದರು. ಆಗಲೂ ಕಾಲು ಕಚ್ಚುವುದು ಬಟ್ಟೆಯ ಪಟ್ಟಿಯೋ ಮರದ ಅಟ್ಟೆಯೋ ಎಂದು ಕಿತ್ತಾಡಿದ್ದರಂತೆ. ಇಂಥವರ ವಂಶ ನಮ್ಮದು.

ಅಜ್ಜ ಆನ್ಸೆಲ್ಮ್ ಮರದವನು. ಅಜ್ಜಿ ಓನೊರೀನ್ ಹುಡುಗಿಯಾಗಿದ್ದಾಗ ನಮ್ಮಲ್ಲಿ ಪರದೆ ಹೊಲಿಯಲು ಬಂದವಳು, ಅಪ್ಪಟ ಬಟ್ಟೆಯವಳು. ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು, ಒಂದೊಂದನ್ನೇ ನಾಲಿಗೆಯಿಂದ ಸುತ್ತಿಗೆಯ ಅಯಸ್ಕಾಂತದ ತುದಿಗೆ ಕೊಟ್ಟು ಬಡಿಯುತ್ತಾ ಗಂಡನನ್ನು ಬೈಯುವಳು. ಒಂದು ಮೊಳೆಯೂ ಕೆಳಗೆ ಬೀಳುತ್ತಿರಲಿಲ್ಲ, ಬೈಗುಳವೂ ನಿಲ್ಲುತ್ತಿರಲಿಲ್ಲ. ಅಜ್ಜನ ಹೆಮ್ಮೆಯೆಲ್ಲ ಅವನ ಕಣ್ಣಳತೆಯಲ್ಲಿತ್ತು. ಗಿರಾಕಿ ಬಾಗಿಲಿನಿಂದ ನಡೆದುಬರುವಷ್ಟರಲ್ಲಿ ಅವರ ಕುರ್ಚಿ ಎಷ್ಟೆತ್ತರ ಇರಬೇಕೆಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ಆಮೇಲೆ ಅಳತೆಕೋಲು ಹಿಡಿಯುತ್ತಿದ್ದುದು ಅವರ ಸಮಾಧಾನಕ್ಕೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮೆತ್ತೆಗೆ ಕುದುರೆ ಕೂದಲು ತುಂಬಿ, ಮೇಲೆ ಬರೀ ಬಿಳಿ ಹತ್ತಿ ಬಟ್ಟೆ ಹೊಲಿದು, ರೇಷ್ಮೆಯೋ ಮಖಮಲ್ಲೋ ಹಾಕುವ ಮೊದಲು ಕುರ್ಚಿಯ ಯಜಮಾನರನ್ನು ಕರೆದು ಕೂರಿಸುತ್ತೇವೆ. ಆ ಹೊತ್ತಿಗೆ ಅಜ್ಜಿಯದೊಂದು ಕಟ್ಟಳೆ: "ಬಿಳಿ ಮೇಲೆ ಕೂತವ್ರು ಸುಳ್ಳು ಹೇಳ್ಬಾರ್ದು. ದಾಕ್ಷಿಣ್ಯ ಎಲ್ಲ ಊಟದ ಮೇಜಿಗೆ ಇಟ್ಕೊಳ್ಳಿ." ಮಂತ್ರಿಯೊಬ್ಬರ ಹೆಂಡತಿ ಮುಖ ಹಿಂಡಿಕೊಂಡೇ "ಸೊಗಸಾಗಿದೆ" ಎಂದಾಗ, ನಿಜ ಬಾಯಿಬಿಡುವ ತನಕ ಅಜ್ಜಿ ಅವರನ್ನು ಏಳಲು ಬಿಡಲಿಲ್ಲ.

ಕಳೆದ ಚಳಿಗಾಲ ಅಜ್ಜಿ ಮೆಟ್ಟಿಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು. ಮನೆಯ ಹಳೇ ಸೋಫಾದಲ್ಲಿ ಕೂತರೆ ಏಳಲಾಗದು. "ಇವಳಿಗೆ ಕುರ್ಚಿ ನಾನೇ ಮಾಡ್ತೀನಿ" ಎಂದು ಅಜ್ಜ ಹೊರಟ. ಅಂಗಡಿ ನೋಡಿಕೊಳ್ಳುವ ನನ್ನಪ್ಪ ರೆಮಿಗೆ ಅದು ಹಿಡಿಸಲಿಲ್ಲ. ಅಜ್ಜನ ಕೈ ನಡುಗುತ್ತದೆ, ಮರದ ಕೆಲಸದ ಮನೆ ಮುಚ್ಚೋಣ, ಚೌಕಟ್ಟುಗಳನ್ನು ಹೊರಗಿನಿಂದ ತರಿಸೋಣ ಎಂದು ಅಪ್ಪ ಬಹಳ ದಿನದಿಂದ ಹೇಳುತ್ತಿದ್ದ. ಅಜ್ಜನಿಂದ ಕೆಲಸ ಕಲಿತು ಅವನ ಜೊತೆಗೇ ದುಡಿಯುತ್ತಿದ್ದ ನನಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

"ಈ ಕುರ್ಚೀಲಿ ಮರದ್ದು ಒಂದು ತಪ್ಪು ತೋರ್ಸು, ಬೀಗ ನೀನೇ ಹಾಕು. ನಾನು ತುಟಿ ಪಿಟಕ್ಕನ್ನಲ್ಲ" ಎಂದ ಅಜ್ಜ. ಅಪ್ಪ ಒಪ್ಪಿದ. ಅಜ್ಜಿಯೂ ಆ ಮಾತು ಕೇಳಿಸಿಕೊಂಡಳು.

ವಾಲ್ನಟ್ ಮರದ ಚೌಕಟ್ಟು ಎದ್ದಿತು. ಎಷ್ಟು ಚೆಂದವೆಂದರೆ ಸವರಿ ಸವರಿ ನನ್ನ ಕೈಗೆ ಸಾಕಾಗಲಿಲ್ಲ. ಮೆತ್ತೆಯನ್ನು ಬೇರೆಯವರ ಕೈಗೆ ಕೊಡಲು ಅಜ್ಜಿ ಕೇಳಬೇಕಲ್ಲ, ಗಾಲಿಕುರ್ಚಿಯಲ್ಲಿ ಕೂತೇ ತಾನೇ ತುಂಬಿ, ಬಿಳಿ ಬಟ್ಟೆ ಹೊಲಿದಳು.

ಭಾನುವಾರ ಊಟ ಮುಗಿಸಿ ಅವಳನ್ನು ಕೂರಿಸಿದೆವು. ಬೆನ್ನು ಸರಿಯಾಗಿ ಆತುಕೊಂಡಿತು, ತೋಳುಗಳು ಸರಿಯಾಗಿ ಕೂತವು. ಕಾಲು ಮಾತ್ರ ನೆಲಕ್ಕೆ ಎಟುಕಲಿಲ್ಲ. ಮನೆಚಪ್ಪಲಿಯ ತುದಿಯನ್ನು ನೆಲಕ್ಕೆ ತಾಗಿಸಲು ಅಜ್ಜಿ ಸದ್ದಿಲ್ಲದೆ ಹೆಣಗುತ್ತಿದ್ದಳು. ನಾನು ನೋಡಿದೆ, ಅಪ್ಪನೂ ನೋಡಿದ.

"ಹೇಳು" ಎಂದ ಅಜ್ಜ.

ಅಜ್ಜಿ ಮೆತ್ತೆಯ ಅಂಚನ್ನು ಸವರಿದಳು. "ಕೂದಲು ಜಾಸ್ತಿ ತುಂಬಿಬಿಟ್ಟಿದ್ದೀನಿ. ಸ್ವಲ್ಪ ತೆಗೀಬೇಕು. ತಪ್ಪು ನಂದು."

ಬಟ್ಟೆಯವರ ಬಾಯಿಂದ ಈ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಜ್ಜನೂ ಕೇಳಿರಲಿಲ್ಲ.

"ಏನಂದೆ?"

"ಕಿವಿ ಹೋಯ್ತಾ? ತಪ್ಪು ಬಟ್ಟೇದು ಅಂದೆ."

"ಓನೊರೀನ್, ನೀನು ಬಿಳಿ ಮೇಲೆ ಕೂತಿದ್ದೀಯ."

"ಗೊತ್ತು."

"ತಲೆಗೆ ಪೆಟ್ಟು ಬಿದ್ದಿದ್ರೂ ನೀನು ಈ ಮಾತು ಆಡೋಳಲ್ಲ. ಸೊಂಟಕ್ಕೆ ಬಿದ್ದಿದ್ದಕ್ಕೆ ಆಡ್ತಿದ್ದೀಯಲ್ಲೇ."

ಅಜ್ಜ ಕುರ್ಚಿಯ ತೋಳು ಹಿಡಿದು ಕಷ್ಟಪಟ್ಟು ಮಂಡಿಯೂರಿದ. ಅವಳ ಹಿಮ್ಮಡಿಯ ಕೆಳಗೆ ಬೆರಳು ತೂರಿಸಿ ನೋಡಿದ. ಮೆತ್ತೆಯನ್ನು ಅಂಗೈಯಿಂದ ಒತ್ತಿ ನೋಡಿದ. "ತುಂಬಿರೋದು ಸರಿಯಾಗಿದೆ. ಮರ ಎತ್ತರ ಆಗಿದೆ" ಎಂದ.

"ಅಳತೆ ತಗೊಂಡಿರ್ಲಿಲ್ವಾ ಅಪ್ಪ?" ನನ್ನಪ್ಪನ ದನಿ ಮೆತ್ತಗಿತ್ತು.

"ಯಾರ್ದು, ಇವಳ್ದಾ?" ಅಜ್ಜನಿಗೆ ನಿಜಕ್ಕೂ ಆಶ್ಚರ್ಯ. "ಇವಳ ಅಳತೆ ಯಾಕಪ್ಪಾ ತಗೋಬೇಕು, ನಂಗೊತ್ತಿಲ್ವಾ?"

"ನಿಂಗೆ ಗೊತ್ತಿರೋದು ನನ್ನ ಹೈಹೀಲ್ಸ್ ಕಾಲದ ಅಳತೆ" ಎಂದಳು ಅಜ್ಜಿ. "ಅಂಗಡೀಲಿ ಒಂದು ದಿನ ಅದಿಲ್ದೆ ನಿಂತಿದ್ದೀನಾ? ಏಣಿ ಹತ್ತೋವಾಗ್ಲೂ ಅದೇ. ಈಗ ಡಾಕ್ಟ್ರು ಈ ಚಪ್ಪಟೆ ಚಪ್ಪಲಿ ಕೊಟ್ಟಿದ್ದಾರೆ. ನಾನು ಮೊದ್ಲಿಂದ್ಲೂ ಗಿಡ್ಡೀನೇ ಕಣೋ."

"ಗಿಡ್ಡ ಅಂತ ಯಾರು ಹೇಳಿದ್ದು ನಿಂಗೆ?"

"ಮನೇಲಿ ಬರಿಗಾಲಲ್ಲಿ ಓಡಾಡೋಳು ಯಾರು ಅಂದ್ಕೊಂಡಿದ್ದೆ?"

ಅಜ್ಜ ಎದ್ದು, ಜೇಬಿನಿಂದ ಕೆಲಸದ ಮನೆಯ ಕೀಲಿಕೈ ತೆಗೆದು ಅಪ್ಪನ ಕೈಯಲ್ಲಿಟ್ಟ. "ಮಾತು ಅಂದ್ರೆ ಮಾತು. ಬೀಗ ಹಾಕು."

ಅಪ್ಪ ಕೀಲಿಕೈಯನ್ನೇ ನೋಡುತ್ತಾ ನಿಂತ. ಗೆದ್ದವನ ಮುಖ ಅಲ್ಲವೇ ಅಲ್ಲ ಅದು. "ಬೀಗ ಹಾಕಿದ್ರೆ ಇದರ ಕಾಲು ಕುಯ್ಯೋರ್ಯಾರು?" ಎಂದ ಕೊನೆಗೆ.

"ನನ್ನ ಕೈಲಾಗಲ್ಲ. ನನ್ನ ಕಣ್ಣಿಗೆ ಅದು ಸರಿಯಾಗೇ ಕಾಣುತ್ತೆ" ಎಂದ ಅಜ್ಜ.

ಅಪ್ಪ ತಿರುಗಿ ಕೀಲಿಕೈಯನ್ನು ನನಗೆ ಚಾಚಿದ. "ತಗೋ ಮಗಳೇ, ಕ್ಲೋತಿಲ್ದ್. ಇನ್ಮೇಲೆ ಮರದ ಕೆಲಸದ ಮನೆ ನಿಂದು. ಆದ್ರೆ ಯಾರೇ ಆಗ್ಲಿ, ಅಳತೆ ತಗೊಂಡೇ ಮಾಡ್ಬೇಕು."

ಖುಷಿಯಾಗಬೇಕಿತ್ತು. ಅಜ್ಜನ ಖಾಲಿ ಜೇಬು ನೋಡಿ ಅಳು ಬಂತು, ನುಂಗಿಕೊಂಡೆ. ಅಜ್ಜಿಯ ಕಾಲಿಗೆ ಅಳತೆಕೋಲು ಹಿಡಿದೆ. "ತಣ್ಣಗಿದೆ ಕಣೇ" ಎಂದು ಬೈಸಿಕೊಂಡೆ. ಕುರ್ಚಿಯನ್ನು ಅಪ್ಪ ಹಿಡಿದುಕೊಂಡ, ನಾಲ್ಕು ಕಾಲನ್ನೂ ನಾನು ಕುಯ್ದೆ. ಗರಗಸದ ಸದ್ದು ಮುಗಿಯುವ ತನಕ ಅಜ್ಜ ಅಂಗಳದ ಕಡೆ ಮುಖ ಮಾಡಿ ನಿಂತಿದ್ದ.

ಅಜ್ಜಿಯನ್ನು ಮತ್ತೆ ಕೂರಿಸಿದೆವು. ಹಿಮ್ಮಡಿ ನೆಲಕ್ಕೆ ಊರಿತು. ಯಾರ ಕೈಯನ್ನೂ ಹಿಡಿಯದೆ ಎದ್ದಳು, ಮತ್ತೆ ಕೂತಳು. "ಈಗ ಸರಿಯಾಗಿದೆ" ಎಂದಳು. ಅದು ನಿಜವಾಗಿತ್ತು.

ಅಜ್ಜ ಬಾಗಿಲಿನ ತನಕ ಹಿಂದೆ ಸರಿದು, ಗಿರಾಕಿಗಳನ್ನು ನೋಡುತ್ತಿದ್ದ ಹಾಗೆ ಅವಳನ್ನು ಬಹಳ ಹೊತ್ತು ನೋಡಿದ.

"ಚೆನ್ನಾಗಿ ಕುಯ್ದಿದ್ದೀಯ ಮರಿ" ಎಂದ ನನಗೆ. "ಆದ್ರೆ ಇವಳು ಇಷ್ಟು ಗಿಡ್ಡ ಇಲ್ಲ."

ಅಜ್ಜಿ ಅವನನ್ನು ತಿದ್ದಲಿಲ್ಲ.