ಬೀಳುವ ಆಟ

ಆಗಸ್ಟಿನ ಹುಲ್ಲುಕೊಯ್ಲು ಅರ್ಧ ಮುಗಿದಿತ್ತು. ಪರದೇಶದ ಊರಾದ ಲೀಕ್ಸ್‌ಲಿಪ್‌ನ ಅಂಚಿನಲ್ಲಿ ದನ ಸಾಕಿಕೊಂಡಿದ್ದ ಮುದುಕ ಡೆಕ್ಲನ್, ಪಕ್ಕದ ಮನೆಯ ಮುಂದೆ ಹೆಣ ಒಯ್ಯುವ ಕರಿ ಕಾರು ನಿಂತದ್ದು ಕಂಡು ಟ್ರ್ಯಾಕ್ಟರ್‌ನಿಂದ ಇಳಿದ. ಬೂಟಿನ ಮಣ್ಣು ಒರೆಸಿ, ಬೇಲಿ ದಾಟಿ ಬಂದ.

ಆ ಮನೆಯ ಹಾಲ್‌ನಲ್ಲಿ, ತೆರೆದ ಪೆಟ್ಟಿಗೆಯೊಳಗೆ ಚಾಮರಾಜ ಮಲಗಿದ್ದ. ಎಲ್ಲರೂ ಬಾಯಿಗೆ ಅಕ್ಕಿ ಹಾಕಿಯಾಗಿತ್ತು. ಮೊಮ್ಮಗಳು ಅದಿತಿ ಒಬ್ಬಳೇ ಬಾಕಿ.

"ಕೈ ತೆಗಿ ಪುಟ್ಟಿ," ಸಿಂಧು ಮಗಳ ಕೋಟಿನ ಜೇಬು ಎಳೆದಳು. "ತಾತಂಗೆ ಅಕ್ಕಿ ಹಾಕು. ಮುಚ್ಚೋಕೆ ಕಾಯ್ತಿದಾರೆ."

"ನೋ!"

"ಮೊನ್ನೆಯಿಂದ ಹಿಂಗೇ ಕಣಮ್ಮ," ಸಿಂಧು ತಾಯಿಯತ್ತ ತಿರುಗಿದಳು. "ಜೇಬಿಂದ ಕೈ ತೆಗೆಯಲ್ಲ. ಊಟಾನೂ ನಾನೇ ತಿನ್ನಿಸ್ಬೇಕು."

"ಥೇಟ್ ಅವರ ತಾತಂದೇ ಮೊಂಡು," ಅಂದಳು ಅನಸೂಯಾ, ಗಂಡನ ಮುಖ ನೋಡುತ್ತಲೇ. "ಗದರ್ಬೇಡ ಬಿಡು."

ಹುಡುಗಿ ಮೊಂಡು ಹಿಡಿದಿರಲಿಲ್ಲ. ಜೇಬಿನೊಳಗೆ ಬೆರಳು ಮಡಚಿ ಬಚ್ಚಿಟ್ಟುಕೊಂಡಿದ್ದಳು.

*

ಚಾಮರಾಜ ಬೆಂಗಳೂರಿನ ಟಾಕೀಸೊಂದರ ಗೇಟಿನಲ್ಲಿ ಟಿಕೆಟ್ ಹರಿದು ಬದುಕಿದವನು. ಭಾನುವಾರ ಬೆಳಗಿನ ಆಟಕ್ಕೆ ಹಳೆಯ ಅಗ್ಗದ ಇಂಗ್ಲಿಷ್ ಕುದುರೆ-ಪಿಸ್ತೂಲು ಪಿಕ್ಚರುಗಳು ಬರುತ್ತಿದ್ದವು. ಅಟ್ಟಿಸಿಕೊಂಡು ಹೋಗುವಾಗ ಒಂದೇ ಬಂಡೆ ಮತ್ತೆ ಮತ್ತೆ ಎದುರಾಗುತ್ತಿತ್ತು. ಮೊದಲ ರೀಲಿನಲ್ಲಿ ಗುಂಡು ತಿಂದು ಸತ್ತವನೇ ಕೊನೆಯ ರೀಲಿನಲ್ಲಿ ಮೀಸೆ ಅಂಟಿಸಿಕೊಂಡು ಮತ್ತೆ ಸಾಯಲು ಬರುತ್ತಿದ್ದ. ಚಾಮರಾಜನಿಗೆ ಅವನೇ ಹೀರೋ. ಅವನು ಬೀಳುವ ಚಂದವನ್ನು ನೋಡಿ ನೋಡಿ ಕಲಿತಿದ್ದ.

ಈ ದೇಶಕ್ಕೆ, ಮಗಳ ಮನೆಗೆ ಬಂದ ಮೇಲೆ ಡೆಕ್ಲನ್ ಸಿಕ್ಕಿದ. ಅವನೂ ಚಿಕ್ಕಂದಿನಲ್ಲಿ ಚರ್ಚಿನ ಹಾಲ್‌ನಲ್ಲಿ ಕೂತು ಅಂಥವನ್ನೇ ನೋಡಿದ್ದವನು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರಿಗೂ ಬೀಳಲು ಬರುತ್ತಿತ್ತು. ಮಧ್ಯಾಹ್ನ ಟೀವಿಯಲ್ಲಿ ಪಿಕ್ಚರು ಮುಗಿದರೆ ಅಂಗಳದಲ್ಲಿ ಆಟ. ಅದಿತಿ ಬೆರಳು ನೀಟಿ "ಬ್ಯಾಂಗ್!" ಅಂದರೆ ಇಬ್ಬರು ಮುದುಕರೂ ಹುಲ್ಲಿನ ಮೇಲೆ ಉರುಳುತ್ತಿದ್ದರು.

"ಸೊಂಟ ಮುರ್ಕೊಂಡ್ರೆ ನಾನಂತೂ ಎಣ್ಣೆ ಹಚ್ಚಲ್ಲ," ಎಂದು ಅನಸೂಯಾ ಅಡುಗೆಮನೆಯಿಂದ ಕೂಗುತ್ತಿದ್ದಳು.

ಮೊನ್ನೆ ಡೆಕ್ಲನ್ ದನದ ಸಂತೆಗೆ ಹೋಗಿದ್ದ. ಬೆರಳು ತನ್ನ ಕಡೆ ತಿರುಗಿದ ಕೂಡಲೇ ಚಾಮರಾಜ ಎದೆ ಹಿಡಿದುಕೊಂಡು ಬಿದ್ದ. ಅಷ್ಟು ಚೆನ್ನಾಗಿ ತಾತ ಎಂದೂ ಬಿದ್ದಿರಲಿಲ್ಲ. ಅದಿತಿ ಚಪ್ಪಾಳೆ ತಟ್ಟಿದಳು. ಏಳಲಿ ಎಂದು ಕಾದಳು.

*

ಡೆಕ್ಲನ್ ಅದಿತಿಯ ಜೇಬನ್ನೇ ನೋಡಿದ. ಹುಡುಗಿಯ ಭುಜ ಹಿಡಿದು ಅಂಗಳಕ್ಕೆ ಕರೆದೊಯ್ದ. ತಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ.

"ಶೂಟ್ ಮಿ, ಪೆಟ್," ಎಂದಿನ ಮುದ್ದಿನ ಹೆಸರು ಹಿಡಿದು ಕರೆದ.

"ನೋ! ಯೂ ವಿಲ್ ಡೈ ಟೂ!"

ಬಾಗಿಲಿಗೆ ಬಂದಿದ್ದ ಸಿಂಧುವಿಗೆ ಆಗ ಅರ್ಥವಾಯಿತು. ಓಡಲು ಹೊರಟವಳ ಕೈಯನ್ನು ಅನಸೂಯಾ ಗಟ್ಟಿಯಾಗಿ ಹಿಡಿದುಕೊಂಡಳು.

"ನಿಲ್ಲೇ. ಅವನು ಏನೋ ಮಾಡ್ತಿದಾನೆ."

ಡೆಕ್ಲನ್ ಟೋಪಿ ತೆಗೆದು ಕಾದ. ಬಹಳ ಹೊತ್ತಿನ ಮೇಲೆ ಜೇಬಿನಿಂದ ಪುಟ್ಟ ಕೈ ಹೊರಬಂತು. ಬೆವೆತು ಬಿಳಿಚಿಕೊಂಡಿದ್ದ ಬೆರಳು ಮೇಲೆದ್ದಿತು. ಅದಿತಿ ಕಣ್ಣು ಮುಚ್ಚಿಕೊಂಡಳು.

"ಬ್ಯಾಂಗ್."

ಅಭ್ಯಾಸಬಲದಿಂದ ಡೆಕ್ಲನ್‌ನ ಮೊಣಕಾಲು ಬಾಗಿತು. ಹಲ್ಲು ಕಚ್ಚಿ ತಡೆದುಕೊಂಡ.

"ಅಗೇನ್," ಅಂದ.

"ಬ್ಯಾಂಗ್."

ಅದಿತಿ ಒಂದು ಕಣ್ಣು ತೆರೆದು ನೋಡಿದಳು. ಬೋಳುತಲೆಯ ಮುದುಕ ಕಾಲು ಅಗಲಿಸಿಕೊಂಡು, ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳದೆ, ನಿಂತೇ ಇದ್ದ.