ತಾಂಬೂಲದ ಕೆಳಗಿನ ಕಾಗದ

ರೇಷ್ಮೆ ದಾರ ಬೆರಳು ಕೊಯ್ಯುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಪದ್ಮಜಾಳ ತೋರುಬೆರಳು ನೋಡಿದರೆ ನಂಬುತ್ತಾರೆ. ಸೆರಗಿನ ತುದಿಯನ್ನು ದಿಂಬಿಗೆ ಪಿನ್ನು ಹಾಕಿ ಬಿಗಿದು, ಎಳೆಗಳನ್ನು ಬಾಚಣಿಗೆಯಿಂದ ಬಾಚಿ, ತಿರುಚಿ, ಗಂಟು ಹಾಕಬೇಕು. ಒಂದು ಸೀರೆಗೆ ನೂರಕ್ಕೂ ಮೇಲೆ ಕುಚ್ಚು. ಮಗಳು ಆಶ್ರಿತಾಳನ್ನು ಶಾಲೆಗೆ ಬಿಟ್ಟು ಬಂದವಳು, ಸಿಂಗಪುರದ ಪುಂಗೋಲಿನ ಹನ್ನೊಂದನೆಯ ಮಹಡಿಯ ಮನೆಯಲ್ಲಿ, ಅನ್ನಕ್ಕಿಡುವ ಹೊತ್ತಿನವರೆಗೂ ನೆಲದ ಮೇಲೆ ಕೂತು ಕಟ್ಟುತ್ತಿದ್ದಳು. ಆಮೇಲೆ ಗೋಡೆ ಹಿಡಿದುಕೊಂಡು ಏಳುತ್ತಿದ್ದಳು. ಸೊಂಟ ತಾನಾಗಿ ಏಳುತ್ತಿರಲಿಲ್ಲ.

ಗಂಡ ವಿಶ್ವಜಿತ್ ಸೆಲೆಟಾರಿನ ವಿಮಾನ ರಿಪೇರಿ ಕಂಪನಿಯೊಂದರಲ್ಲಿದ್ದ. ಅವನ ಸಂಬಳ ಬಾಡಿಗೆ, ದಿನಸಿಗೇ ಕರಗುತ್ತಿತ್ತು. ಪರದೇಶದವರ ಮಕ್ಕಳಿಗೆ ಶಾಲೆಯ ಫೀಸು ಹೆಚ್ಚು, ಅದೂ ವರ್ಷವರ್ಷಕ್ಕೆ ಏರುತ್ತದೆ. ಅದನ್ನು ಕುಚ್ಚು ತೀರಿಸುತ್ತಿತ್ತು. ಆದರೆ ಗಂಡನ ಪಾಸಿನ, ಅಂದರೆ ಕೆಲಸದ ವೀಸಾದ, ಆಸರೆಯಲ್ಲಿ ಬಂದ ಹೆಂಡತಿ ಇಲ್ಲಿ ಪರ್ಮಿಟ್ ಇಲ್ಲದೆ ದುಡಿಯುವಂತಿಲ್ಲ. ಹಾಗಾಗಿ ಕುಚ್ಚು ಕಟ್ಟಿಸುವ ಮೈಥಿಲಿ ಅದನ್ನು ಕೂಲಿ ಎನ್ನುತ್ತಿರಲಿಲ್ಲ, ಗಿಫ್ಟ್ ಎನ್ನುತ್ತಿದ್ದಳು. ಗಿಫ್ಟಿಗೆ ಯಾರು ಚೌಕಾಸಿ ಮಾಡುತ್ತಾರೆ? ಕೊಟ್ಟಷ್ಟು ತೆಗೆದುಕೊಂಡು ಬಾಯಿ ಮುಚ್ಚಿಕೊಂಡಿರಬೇಕು. ಪಕ್ಕದ ಬ್ಲಾಕಿನ ಜ್ಯೋತ್ಸ್ನಾಳದೂ ಅದೇ ಕತೆ. ಹೋದ ವರ್ಷ ಮದುವೆಯಾಗಿ ಮೈಸೂರಿನಿಂದ ಬಂದ ಲಾಸ್ಯಾಳದೂ ಅದೇ.

ಮೈಥಿಲಿ ತಂಜಾಂಗ್ ಪಗಾರಿನ ಬ್ಯಾಂಕಿನ ಕೆಲಸ ಬಿಟ್ಟು ಸ್ವಂತ ವ್ಯಾಪಾರ ಹಿಡಿದವಳು. ಮೊಳಕಾಲ್ಮೂರಿನಿಂದ ಸೀರೆ ತರಿಸಿ, ಇವರ ಕೈಲಿ ಕುಚ್ಚು ಕಟ್ಟಿಸಿ, ಅಮೆರಿಕದಲ್ಲಿರುವ ಕನ್ನಡದ ಹೆಂಗಸರಿಗೆ ಒಂದೊಂದೇ ಪಾರ್ಸೆಲ್ ಕಳಿಸುತ್ತಿದ್ದಳು. ಸಣ್ಣ ಪಾರ್ಸೆಲ್ಲಿಗೆ ಅಲ್ಲಿ ಸುಂಕವಿರಲಿಲ್ಲ. ವ್ಯಾಪಾರ ನಿಂತಿದ್ದೇ ಆ ಒಂದು ರಿಯಾಯಿತಿಯ ಮೇಲೆ.

ಆಗಸ್ಟಿನ ಹೊತ್ತಿಗೆ ಅಮೆರಿಕ ಸರ್ಕಾರ ಅದನ್ನು ಕಿತ್ತುಹಾಕಿತು. ತಿಂಗಳ ಕೊನೆಯಿಂದ ಸಣ್ಣ ಪಾರ್ಸೆಲ್ಲಿಗೂ ಸುಂಕ. ಭಾರತದ ಮಾಲಾದರೆ ಬೆಲೆಯ ಅರ್ಧದಷ್ಟು, ಸಿಂಗಪುರದ್ದಾದರೆ ಹತ್ತರಲ್ಲಿ ಒಂದು ಪಾಲು. ನಮ್ಮ ಕುಚ್ಚಿಗೂ ವೀಸಾ ಕೇಳ್ತಾರಂತೆ ಕಣ್ರೀ ಎಂದು ಜ್ಯೋತ್ಸ್ನಾ ಫೋನಿನಲ್ಲಿ ನಕ್ಕಳು. ಪದ್ಮಜಾಗೂ ನಗು ಬಂತು.

ಅದೇ ವಾರ ವರಮಹಾಲಕ್ಷ್ಮಿ ಹಬ್ಬ. ಮೈಥಿಲಿ ತನ್ನ ಕಾಂಡೋ ಫ್ಲ್ಯಾಟಿಗೆ ಅರಿಶಿನ ಕುಂಕುಮಕ್ಕೆ ಕರೆದಳು. ಬಂದವರೆಲ್ಲ ಹೋಗುವವರೆಗೂ ಮೂವರನ್ನು ಕೂರಿಸಿಕೊಂಡಳು. ಆಮೇಲೆ ಮಣೆ ಹಾಕಿ, ಹೂ ಕೊಟ್ಟು, ಒಬ್ಬೊಬ್ಬರ ಮುಂದೂ ತಟ್ಟೆ ಹಿಡಿದಳು. ತಟ್ಟೆಯಲ್ಲಿ ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ. ತಟ್ಟೆಯ ಕೆಳಗೆ ಒಂದು ಕಾಗದ.

"ತಾಂಬೂಲ ತಗೊಳ್ಳಿ. ಹಾಗೇ ಇದಕ್ಕೊಂದು ಸೈನ್ ಮಾಡ್ಬಿಡಿ. ಜಸ್ಟ್ ಫಾರ್ಮಾಲಿಟಿ."

ಎದುರಿಗೆ ಲಕ್ಷ್ಮಿ ಕೂತಿದ್ದಾಳೆ. ಮುತ್ತೈದೆ ಕೊಟ್ಟ ತಾಂಬೂಲವನ್ನು ಬೇಡ ಎನ್ನಬಾರದೆಂದು ಮೂವರಿಗೂ ಅವರವರ ತಾಯಂದಿರು ಹೇಳಿಕೊಟ್ಟಿದ್ದರು. ಜೊತೆಗೆ ಬಂದ ಕಾಗದವನ್ನು ಹೇಗೆ ಬೇಡ ಎನ್ನುವುದು? ಜ್ಯೋತ್ಸ್ನಾ ಮಡಿಲಲ್ಲಿ ತಟ್ಟೆ ಇಟ್ಟುಕೊಂಡೇ, ಮೈಥಿಲಿಯ ಬೆರಳು ತೋರಿಸಿದ ಕಡೆ ಸಹಿ ಮಾಡಿದಳು. ಲಾಸ್ಯಾಳೂ ಮಾಡಿದಳು. ಮೈಥಿಲಿ ಎರಡೂ ಕಾಗದದ ಫೋಟೋ ತೆಗೆದು ಪಾರ್ಸೆಲ್ ಏಜೆಂಟನಿಗೆ ಕಳಿಸಿದಳು. ಅವರವರ ಪ್ರತಿಯನ್ನು ಅವರವರ ಫೋನಿಗೂ ಕಳಿಸಿದಳು.

ಪದ್ಮಜಾ ತಟ್ಟೆಯನ್ನು ಪಕ್ಕಕ್ಕಿಟ್ಟು ಓದಿದಳು. ಈ ಸೀರೆಗಳನ್ನು ಸಿಂಗಪುರದ ನನ್ನ ಮನೆಯಲ್ಲಿ ನಾನೇ ತಯಾರಿಸಿದ್ದೇನೆ, ಸುಳ್ಳಾದರೆ ನಾನೇ ಹೊಣೆ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಅವಳ ವಿಳಾಸ, ಪಾಸಿನ ನಂಬರು.

"ಮೇಡಂ, ಸೀರೆ ನೇಯ್ದೋರು ಮೊಳಕಾಲ್ಮೂರಿನೋರು. ನಾವು ಕಟ್ಟಿದ್ದು ಕುಚ್ಚು ಮಾತ್ರ."

"ಕುಚ್ಚಿಲ್ದೆ ಸೀರೆ ಫಿನಿಷ್ ಆಗುತ್ತಾ ಪದ್ಮಜಾ? ಇಲ್ಲಿ ಫಿನಿಷ್ ಆಯ್ತು, ಸೋ ಇಲ್ಲಿದೇ."

"ಹಾಗಾದ್ರೆ ಸೈನ್ ನೀವೇ ಮಾಡಿ. ನಿಮ್ಮ ವೆಬ್‌ಸೈಟಲ್ಲಿ ಪ್ರತಿ ಕುಚ್ಚೂ ನೀವೇ ಕೈಯಾರೆ ಕಟ್ಟಿದ್ದು ಅಂತ ಫೋಟೋ ಹಾಕಿದೀರಲ್ಲ."

ಮೈಥಿಲಿ ಸೋಫಾದ ಮೇಲೆ ಕುಸಿದು ಕೂತಳು. ದೀಪಾವಳಿಯ ಆರ್ಡರಿಗೆಂದು ಇದ್ದಬದ್ದದ್ದೆಲ್ಲ ಸುರಿದಿದ್ದಾಳಂತೆ. ಅರ್ಧದಷ್ಟು ಸುಂಕವೆಂದರೆ ಒಬ್ಬರೂ ಕೊಳ್ಳುವುದಿಲ್ಲವಂತೆ. "ಅಲ್ಲೆಲ್ಲೋ ಕೂತು ಯಾರೋ ಒಂದು ಸೈನ್ ಹಾಕ್ತಾರೆ, ಇಲ್ಲಿ ನಾನು ಮುಳುಗ್ತೀನಿ. ಏನ್ ಮಾಡ್ಲಿ ಹೇಳಿ," ಎಂದಳು. ಕಣ್ಣು ತುಂಬಿತ್ತು. ಅದು ನಾಟಕವಾಗಿರಲಿಲ್ಲ. ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದಳು ಅವಳೂ. ಪದ್ಮಜಾಗೆ ಅಯ್ಯೋ ಅನ್ನಿಸಿತು. ಕೈ ಪೆನ್ನಿನ ಹತ್ತಿರ ಹೋಯಿತು.

ಆಗ ಮೈಥಿಲಿ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: "ನೀವು ಇಷ್ಟು ದಿನ ಪರ್ಮಿಟ್ ಇಲ್ದೆ ಕೆಲಸ ಮಾಡಿದೀರಿ. ನಾನು ಯಾರ ಹತ್ರಾನೂ ಹೇಳಿಲ್ಲ, ಅಲ್ವಾ?"

ಪದ್ಮಜಾ ಕೈ ಹಿಂದಕ್ಕೆ ತೆಗೆದುಕೊಂಡಳು. ಕಾಗದದಲ್ಲಿದ್ದುದನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದಳು. ಕೇಳುತ್ತ ಕೇಳುತ್ತ ಜ್ಯೋತ್ಸ್ನಾ ಎದ್ದುನಿಂತಳು. ತನ್ನ ಕಾಗದ ವಾಪಸು ಕೊಡಿ ಎಂದಳು. ಅದು ಆಗಲೇ ಏಜೆಂಟನಿಗೆ ಹೋಗಿಯಾಯಿತಲ್ಲ ಎಂದಳು ಮೈಥಿಲಿ.

ಪದ್ಮಜಾ ದೇವರಿಗೆ ಕೈಮುಗಿದಳು. ತಾಂಬೂಲ ತೆಗೆದುಕೊಂಡಳು. ಕಾಗದವನ್ನು ಅಲ್ಲೇ ಬಿಟ್ಟಳು.

ಪುಂಗೋಲಿಗೆ ಬಂದು ಮೂವರೂ ಪದ್ಮಜಾಳ ಬ್ಲಾಕಿನ ನೆಲಮಟ್ಟದ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತರು. ಲಾಸ್ಯಾ ಅಳುತ್ತಿದ್ದಳು. ಅವಳ ಫೋನಿನಲ್ಲಿದ್ದ ಪ್ರತಿಯಲ್ಲಿ ಏಜೆಂಟನ ಇಮೇಲ್ ವಿಳಾಸವಿತ್ತು. ಪದ್ಮಜಾ ಆ ಫೋನು ತೆಗೆದುಕೊಂಡು ಬರೆಯತೊಡಗಿದಳು. ಸೀರೆ ನಾವು ಮಾಡಿದ್ದಲ್ಲ. ಏನೆಂದು ಹೇಳದೆ ಸಹಿ ಮಾಡಿಸಿಕೊಂಡಿದ್ದಾರೆ. ನಾವು ಕುಚ್ಚು ಕಟ್ಟಿದವರು, ಕೂಲಿಗೆ ಕಟ್ಟಿದವರು.

"ಕೂಲಿ ಅಂತ ಬರೀಬೇಡಿ ಕಣ್ರೀ," ಎಂದಳು ಜ್ಯೋತ್ಸ್ನಾ. "ಆಮೇಲೆ ಪಾಸ್ ಕಿತ್ಕೊಂಡು ಕಳಿಸಿಬಿಡ್ತಾರೆ."

"ಗಿಫ್ಟ್ ಅಂತ ಬರೀಲಾ?"



ಲಾಸ್ಯಾ ಮೂಗು ಒರೆಸಿಕೊಂಡು ಕೇಳಿದಳು: "ಪದ್ಮಜಾ ಆಂಟಿ, ನೀವು ಸೈನೇ ಮಾಡಿಲ್ಲ. ನಮ್ ಜೊತೆ ನೀವ್ಯಾಕೆ ಸಿಕ್ಕಾಕೊಳ್ತೀರಾ?"

ಪದ್ಮಜಾ ತನ್ನ ಫೋನು ತೆಗೆದಳು. ಮೇಲೆ ಮನೆಯಲ್ಲಿದ್ದ ವಿಶ್ವಜಿತನಿಗೆ ಕರೆ ಮಾಡಿ ಎಲ್ಲ ಹೇಳಿದಳು. ಆಶ್ರಿತಾಳ ಶಾಲೆಯ ಗತಿ ಏನು ಎಂದು ಅವನು ಕೇಳಿದ. ಆ ಮಗು ನಾಳೆ ಯಾವ ಊರಿನ ಯಾವ ಶಾಲೆಗೆ ಹೋಗುತ್ತದೋ ಪದ್ಮಜಾಗೂ ಗೊತ್ತಿರಲಿಲ್ಲ.

"ಮೇಲೆ ಬಾ, ಕೂತ್ಕೊಂಡು ಮಾತಾಡೋಣ," ಎಂದ ಅವನು.

"ಬರ್ತೀನಿ. ಈ ಇಮೇಲ್ ಹೋಗ್ಲಿ ಮೊದ್ಲು."

ಕೂಲಿ ಎಂಬ ಮಾತನ್ನು ಹಾಗೇ ಉಳಿಸಿ, ಅದರ ಕೆಳಗೆ ಮೊದಲು ತನ್ನ ಹೆಸರನ್ನೇ ಹಾಕಿದಳು. ಫೋನನ್ನು ಜ್ಯೋತ್ಸ್ನಾಗೆ ಕೊಟ್ಟಳು. ಜ್ಯೋತ್ಸ್ನಾ ಬೆವರಿದ ಬೆರಳನ್ನು ಸೀರೆಗೆ ಒರೆಸಿಕೊಂಡು ತನ್ನದನ್ನೂ ಬರೆದಳು.

ಲಾಸ್ಯಾ ತನ್ನ ಹೆಸರು ಬರೆಯಲು ತುಂಬ ಹೊತ್ತು ತೆಗೆದುಕೊಂಡಳು. ಇಬ್ಬರೂ ಅವಳಿಗೆ ಅವಸರ ಮಾಡಲಿಲ್ಲ.