ಪುಟ್ಟಗೌರಮ್ಮನ ಸಾಕ್ಷಿ

ನಲವತ್ತೇಳನೇ ತೆಂಗಿನಕಾಯಿಯನ್ನು ಪುಟ್ಟಗೌರಮ್ಮ ಎರಡೂ ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ಒಮ್ಮೆ ಅಲ್ಲಾಡಿಸಿದಳು. ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಅಲ್ಲಾಡಿಸಿದಳು.

"ಇದು ಬುಟ್ಟೈತೆ ಕಣವ್ವ. ಒಳಗೆ ಉಂಡೆ ಗಟಗಟ ಅಂತೈತೆ. ಬರ್ಕೋ."

ಯಾಸ್ಮಿನ್ ಕಾಯಿ ಇಸಿದುಕೊಂಡು ತೂಕದ ಯಂತ್ರದ ಮೇಲಿಟ್ಟಳು. ಸಿಪ್ಪೆಯ ಮೇಲೆ ತಾನೇ ಹನ್ನೊಂದು ತಿಂಗಳ ಹಿಂದೆ ಕೆಂಪು ಬಣ್ಣದಲ್ಲಿ ಬರೆದ ಅಂಕಿ ಹೊಗೆ ಹಿಡಿದು ಕಂದಾಗಿತ್ತು. ತೂಕ ಬರೆದಳು. ಪಕ್ಕದ ಕಾಲಮ್ಮಿನಲ್ಲಿ 'ಪು. ಗೌ. – ಬಿಟ್ಟಿದೆ' ಎಂದು ಬರೆದಳು. ಕೆಳಗೆ ಒಲೆ ಉರಿಯುತ್ತಿತ್ತು. ಅಟ್ಟದ ಹಲಗೆಗಳ ಸಂದಿನಿಂದ ಹೊಗೆ ಎದ್ದು ಕಾಯಿಗಳ ರಾಶಿಯ ನಡುವೆ ನುಸುಳಿ ಹೆಂಚಿನ ಕಡೆಗೆ ಹೋಗುತ್ತಿತ್ತು. ತಗ್ಗಿದ ಅಟ್ಟ. ಇಬ್ಬರೂ ಕತ್ತು ಬಗ್ಗಿಸಿಕೊಂಡೇ ಕೂತಿದ್ದರು.

ಹದಿನೈದು ದಿನಕ್ಕೊಮ್ಮೆ ತಿಪಟೂರಿನಿಂದ ಬಸ್ಸು ಹತ್ತಿ ದಂಡಿನಶಿವರದಲ್ಲಿ ಇಳಿದು, ಪುಟ್ಟಗೌರಮ್ಮನ ಮನೆಯ ಏಣಿ ಹತ್ತುವುದು ಯಾಸ್ಮಿನ್‌ಗೆ ರೂಢಿಯಾಗಿತ್ತು. ನೂರಿಪ್ಪತ್ತು ಕಾಯಿ. ಪ್ರತಿಯೊಂದರ ತೂಕ, ಪ್ರತಿಯೊಂದರ ಬಗ್ಗೆ ಪುಟ್ಟಗೌರಮ್ಮನ ಕಿವಿ ಹೇಳಿದ ಮಾತು. ಮೊದಮೊದಲು ಎಲ್ಲದರಲ್ಲೂ ನೀರು ಕುಲುಕುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಸದ್ದೇ ಇಲ್ಲ. ಈಗ ಒಂದೊಂದರಲ್ಲೇ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳುತ್ತಿತ್ತು. ತೂಕದ ಯಂತ್ರ ಹೇಳುವುದಕ್ಕೆ ಹದಿನೈದು ದಿನ ಮೊದಲೇ ಪುಟ್ಟಗೌರಮ್ಮ ಹೇಳುತ್ತಿದ್ದಳು. ಇವತ್ತಿನದು ಕೊನೆಯ ತೂಕ.

ಈ ಕೆಲಸ ಶುರುಮಾಡಿದ್ದು ಹನ್ನಾ ಎಂಬ ಜರ್ಮನಿಯ ಹುಡುಗಿ. ಆ ದೇಶಕ್ಕೂ ಯಾಸ್ಮಿನ್ ಸಂಶೋಧನೆ ಮಾಡುತ್ತಿದ್ದ ವಿಶ್ವವಿದ್ಯಾಲಯಕ್ಕೂ ನಡುವೆ ಆದ ಸಂಶೋಧನಾ ವಿನಿಮಯದ ಫೆಲೋಶಿಪ್ಪಿನಲ್ಲಿ ಬಂದಿದ್ದಳು. ಅಟ್ಟ ಹತ್ತಿದಾಗಲೆಲ್ಲ ಸೀನುತ್ತಿದ್ದಳು. ಪುಟ್ಟಗೌರಮ್ಮನ ಬಾಯಲ್ಲಿ ಅವಳು ಅನ್ನಮ್ಮನಾದಳು. ಕಾಯಿ ಉಂಡೆಯಾಗಲು ಹನ್ನೊಂದು ತಿಂಗಳು ಬೇಕು, ಅನ್ನಮ್ಮನ ಫೆಲೋಶಿಪ್ಪು ಮೂರೇ ತಿಂಗಳು. ಅವಳು ಹೋದ ಮೇಲೆ ಉಳಿದದ್ದನ್ನು, ಮೊದಲ ದಿನದಿಂದ ಜೊತೆಗಿದ್ದ ಯಾಸ್ಮಿನ್ ಹೊತ್ತುಕೊಂಡಳು. ಅಲ್ಲಿಂದ ಒಬ್ಬರು ಬಂದರೆ ಇಲ್ಲಿಂದ ಒಬ್ಬರು ಹೋಗಬೇಕು, ಆರು ತಿಂಗಳು, ವಿಮಾನದ ಟಿಕೆಟ್ಟು, ವಸತಿ, ಊಟ ಎಲ್ಲ ಅವರದೇ. ಮಾರ್ಚಿನಲ್ಲಿ ಹಾಕಿದ ಪಟ್ಟಿಯಲ್ಲಿ ಯಾಸ್ಮಿನ್ ಹೆಸರು ಮೊದಲಿತ್ತು.

ಹೆಂಚು ತೆಗೆದು ಗಾಜು ಕೂರಿಸಿದ್ದ ಬೆಳಕಿಂಡಿಯ ಕೆಳಗೆ ಮಾತ್ರ ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿಟ್ಟಿದ್ದ ಫೋನು ಹೊಡೆದುಕೊಂಡಿತು. ತಿಪಟೂರಿನ ಪೇಟೆಬೀದಿಯ ಅಂಗಡಿಯಿಂದ ಅಪ್ಪ ಕರೀಂ ಸಾಬ್. ಹಿಂದುಗಡೆ ಹೊಲಿಗೆ ಯಂತ್ರದ ಸದ್ದು.

"ಬೇಟಾ, ತೋಳು ಎರಡಿಂಚು ಜಾಸ್ತಿ ಬಿಟ್ಟಿದ್ದೀನಿ. ಒಳಗೆ ಸ್ವೆಟರ್ ಹಾಕ್ಬೇಕಲ್ಲ. ಅಲ್ಲಿ ಚಳಿ ಅಂದ್ರೆ ನಮ್ಮ ಡಿಸೆಂಬರ್ ತರ ಅಲ್ಲ."

"ನಾನು ಹೋಗೋದು ಸೆಪ್ಟೆಂಬರಿಗೆ ಅಬ್ಬಾ."

"ಸೆಪ್ಟೆಂಬರ್ ಆದ್ಮೇಲೆ ಡಿಸೆಂಬರ್ ಬರಲ್ವಾ? ಜರ್ಮನಿಯವರ ಕ್ಯಾಲೆಂಡರ್ ಬೇರೆನಾ?"

ಪಕ್ಕದವರೆಗೂ ಕೇಳುತ್ತಿದ್ದ ಆ ಮಾತಿಗೆ ಪುಟ್ಟಗೌರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ನಲವತ್ತು ವರ್ಷದಿಂದ ಪ್ಯಾಂಟು, ಶರ್ಟು, ಸ್ಕೂಲ್ ಯೂನಿಫಾರಂ ಹೊಲಿದ ಮನುಷ್ಯ ಹೆಣ್ಣುಮಕ್ಕಳ ಕೋಟು ಹೊಲಿಯುತ್ತಿರುವುದು ಇದೇ ಮೊದಲು. ಸಂತೆಯಲ್ಲಿ ಹಳೆಯದೊಂದು ಉಣ್ಣೆಯ ಕೋಟು ಕೊಂಡು, ಒಳಗಿನ ಪದರ ಹೇಗೆ ಕೂತಿದೆ ಎಂದು ನೋಡಲು ಒಂದೊಂದೇ ಹೊಲಿಗೆ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದ. ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದ.

ಫೋನು ಇಟ್ಟು, ಉಳಿದ ಕಾಯಿಗಳನ್ನೂ ತೂಗಿ ಮುಗಿಸುವ ಹೊತ್ತಿಗೆ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಪುಟ್ಟಗೌರಮ್ಮ ಬೆಳಕಿಂಡಿಯಲ್ಲಿ ಇಣುಕಿದಳು.

"ನಿಮ್ಮ ಮೇಷ್ಟ್ರು ಕಣವ್ವ! ಭಾನ್ವಾರ ಯಾಕ್ ಬಂದವ್ರೆ?"

ಯಾಸ್ಮಿನ್‌ಗೆ ಪಿಎಚ್‌ಡಿ ಮಾರ್ಗದರ್ಶಕರಾಗಿದ್ದ ರಂಗನಾಥ್ ತುರುವೇಕೆರೆ ಕಡೆಯವರೇ. ತೋಟಕ್ಕೆ ಬಂದಿದ್ದವರು ಹಾಗೇ ಬಂದರಂತೆ. ಬಾಗಿಲಲ್ಲಿ ಶೂ ಬಿಚ್ಚಿ, ಪಡಸಾಲೆಯ ಮಂಚದ ಮೇಲೆ ಕೂತು, ಪುಟ್ಟಗೌರಮ್ಮ ಕೊಟ್ಟ ಎಳನೀರನ್ನು ಒಂದೇ ಉಸಿರಿಗೆ ಕುಡಿದರು. ಯಾಸ್ಮಿನ್ ದುಪಟ್ಟಾದಿಂದ ಮುಖದ ಮಸಿ ಒರೆಸಿಕೊಂಡು ನಿಂತಳು. ಆರು ವರ್ಷದ ಹಿಂದೆ ಇವರೇ ಅಪ್ಪನ ಅಂಗಡಿಯ ಮೆಟ್ಟಿಲು ಹತ್ತಿ, "ಮಗಳನ್ನ ಮುಂದಕ್ಕೆ ಓದ್ಸಿ ಸಾಬ್ರೇ, ನಾನಿದೀನಿ" ಎಂದಿದ್ದರು. ಅಪ್ಪ ಕತ್ತರಿ ಕೆಳಗಿಡದೆಯೇ, "ನಾನ್ಯಾವಾಗ ಬೇಡ ಅಂದೆ ಸಾರ್?" ಎಂದಿದ್ದ.

ಪುಟ್ಟಗೌರಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು. ರಂಗನಾಥ್ ಪ್ಲಾಸ್ಟಿಕ್ ಫೈಲು ತೆರೆದರು.

"ನಿನ್ನ ಪ್ರಬಂಧ ಪೂರ್ತಿ ಓದಿದೆ. ಚೆನ್ನಾಗಿದೆ. ತಿದ್ದೋ ಅಂಥದ್ದೇನಿಲ್ಲ."

ಫೆಬ್ರವರಿಯಲ್ಲಿ ಕೊಟ್ಟ ಪಿಎಚ್‌ಡಿ ಪ್ರಬಂಧ, ಈ ಅಟ್ಟದ ಕೆಲಸಕ್ಕಿಂತ ಬೇರೆಯದು. ಮಾರ್ಗದರ್ಶಕರು ಸಹಿ ಮಾಡಬೇಕಾದ ದೃಢೀಕರಣದ ಹಾಳೆ ಮೇಲೇ ಇತ್ತು. ಸಹಿಯ ಜಾಗ ಖಾಲಿಯಿತ್ತು. ಅದನ್ನು ಮಂಚದ ಮೇಲಿಟ್ಟು, ಅದೇ ಫೈಲಿನಿಂದ ಇನ್ನೊಂದು ಹಾಳೆ ತೆಗೆದು ಅದರ ಪಕ್ಕ ಇಟ್ಟರು. ಇಂಗ್ಲಿಷಿನಲ್ಲಿ ಟೈಪಾಗಿದ್ದ ಮೂರು ಸಾಲು. ವಿನಿಮಯ ಯೋಜನೆಗೆ ಆಯ್ಕೆಯಾಗಿರುವ ನನಗೆ ಹೋಗಲು ಇಚ್ಛೆಯಿಲ್ಲ. ಅಷ್ಟು ದೂರ ಒಬ್ಬಳನ್ನೇ ಕಳಿಸಲು ನನ್ನ ತಂದೆಯವರ ಒಪ್ಪಿಗೆ ಇಲ್ಲ. ನನ್ನ ಸ್ಥಾನವನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಡಲು ನನ್ನ ಅಭ್ಯಂತರವಿಲ್ಲ.

ಯಾಸ್ಮಿನ್ ಎರಡು ಸಲ ಓದಿದಳು.

"ಎರಡನೇ ಹೆಸರು ಈ ಯೋಜನೆ ಡೈರೆಕ್ಟರ ಅಕ್ಕನ ಮಗನದಲ್ವಾ ಸಾರ್?"

ರಂಗನಾಥ್ ಕನ್ನಡಕ ತೆಗೆದು ಶರ್ಟಿನ ಅಂಚಿನಲ್ಲಿ ಒರೆಸತೊಡಗಿದರು. "ಯಾರದಾದ್ರೇನಮ್ಮ. ನಾಳೆ ಹತ್ತು ಗಂಟೆಗೆ ಕಮಿಟಿ. ನಿನಗೆ ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷಕ್ಕೆ ನನಗೆ ಮೂವತ್ತೆರಡು ದಾಟುತ್ತೆ. ಅದಕ್ಕಿಂತ ಮೇಲೆ ತಗೊಳಲ್ಲ. ಅರ್ಜಿ ತುಂಬಿದ್ದು ನೀವೇ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ಒಳಗೆ ಪುಟ್ಟಗೌರಮ್ಮ ಒಲೆ ಊದುತ್ತಿದ್ದದ್ದು ಕೇಳಿಸುತ್ತಿತ್ತು.

"ನಾನೂ ಇಂಥದೊಂದು ಬರ್ಕೊಟ್ಟಿದ್ದೆ," ಎಂದರು ಕೊನೆಗೆ. "ತೊಂಬತ್ತೆಂಟರಲ್ಲಿ. ನನ್ನ ಗೈಡ್ ಅಳಿಯನಿಗೋಸ್ಕರ. ಆಗ ಅನ್ನಿಸ್ತು, ಎಲ್ಲ ಮುಗೀತು ಅಂತ. ಏನೂ ಮುಗೀಲಿಲ್ಲ. ಕೆಲಸ ಸಿಕ್ತು, ಮನೆ ಆಯ್ತು. ನೀನೂ ಇಲ್ಲೇ ಇರ್ಬೇಕಾದವಳು. ಡಿಗ್ರಿ ಕೈಗೆ ಬರಲಿ ಮೊದಲು."

ದೃಢೀಕರಣದ ಹಾಳೆ ಗಾಳಿಗೆ ಎದ್ದಿತು. ಅವರು ಅದರ ಮೇಲೆ ತಮ್ಮ ಪೆನ್ನು ಇಟ್ಟರು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ.

"ಈ ಎರಡನೇ ಸಾಲು ತೆಗೀರಿ ಸಾರ್. ಅಬ್ಬಾ ಬೇಡ ಅಂದಿಲ್ಲ."

"ನನಗೊತ್ತಿಲ್ವಾ?"

"ನನಗೆ ಹುಷಾರಿಲ್ಲ ಅಂತ ಬರೀರಿ. ನನಗೇ ಇಷ್ಟ ಇಲ್ಲ ಅಂತ ಬರೀರಿ."

"ಬೇರೆ ಏನು ಬರೆದ್ರೂ ಅವರ ಕಡೆಯವರು ಪತ್ರ ಬರೆದು ಕೇಳ್ತಾರೆ. ಡಾಕ್ಟರ್ ಸರ್ಟಿಫಿಕೇಟ್ ಕಳ್ಸಿ ಅಂತಾರೆ." ರಂಗನಾಥ್ ಕನ್ನಡಕ ಹಾಕಿಕೊಂಡರು. "ಇದಾದ್ರೆ ಯಾರೂ ಏನೂ ಕೇಳಲ್ಲ."

ಯಾಸ್ಮಿನ್ ಅವರ ಮುಖ ನೋಡಿದಳು. ಅವರು ಹಾಳೆಯನ್ನೇ ನೋಡುತ್ತಿದ್ದರು. ಯಾಕೆ ಯಾರೂ ಕೇಳುವುದಿಲ್ಲ ಎಂದು ಬಿಡಿಸಿ ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ. ಅವಳು ಪೆನ್ನು ತೆಗೆದುಕೊಂಡಳು. ಬೆರಳಿನ ಮಸಿ ಹಾಳೆಯ ಅಂಚಿಗೆ ಹತ್ತಿತು. ಅಟ್ಟದ ನೋಟುಬುಕ್ಕಿನ ಪ್ರತಿ ಪುಟದ ಕೊನೆಗೆ ಹಾಕುತ್ತಿದ್ದ ಅದೇ ಸಹಿಯನ್ನು ಹಾಕಿದಳು.

ರಂಗನಾಥ್ ಕೂಡಲೇ ದೃಢೀಕರಣದ ಹಾಳೆ ಎಳೆದುಕೊಂಡು ತಾವೂ ಸಹಿ ಮಾಡಿ ಅವಳ ಕೈಗೆ ಕೊಟ್ಟರು. ಆಮೇಲೆ, "ಇಲ್ಲಿ ಕೆಳಗೆ ಒಂದು ಸಾಕ್ಷಿ ಬೇಕು. ಒತ್ತಾಯದಿಂದ ಬರೆಸ್ಕೊಂಡ್ರು ಅಂತ ನಾಳೆ ಯಾರೂ ಅನ್ನಬಾರ್ದು ನೋಡು," ಎಂದರು.

ಪುಟ್ಟಗೌರಮ್ಮ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಿದ್ದಳು.

"ಎಂತದು ಸಾರ್ ಪೇಪರು?"

"ಯಾಸ್ಮಿನ್‌ದು ಜರ್ಮನಿ ವಿಚಾರ ಕಣಮ್ಮ. ಒಂದು ಸಾಕ್ಷಿ ಸೈನು ಬೇಕಿತ್ತು."

"ನನ್ದು ನಡೀತದಾ?"

ರಂಗನಾಥ್ ಯಾಸ್ಮಿನ್ ಕಡೆ ನೋಡಿದರು. ಅವಳು ಪುಟ್ಟಗೌರಮ್ಮನ ಮುಖದಲ್ಲಿ ಎದ್ದಿದ್ದ ಸಂತೋಷವನ್ನು ನೋಡಿ, ಕಾಫಿ ಲೋಟ ಇಸಿದುಕೊಂಡು ಅವರ ಮುಂದಿಟ್ಟಳು.

"ನಡೀತದೆ," ಎಂದರು ರಂಗನಾಥ್.

"ತಡೀರಿ, ಕೈ ತೊಳ್ಕಂಡ್ ಬತ್ತೀನಿ. ಮಸಿ ಕೈಯಾಗೆ ಮುಟ್ಟಿದ್ರೆ ಅವ್ರೇನ್ ಅಂದ್ಕಂಡಾರು!"

ಹಿತ್ತಲಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ನೆಲಕ್ಕೆ ಕೂತಳು. ಸಹಿ ಕಲಿತದ್ದು ಮಹಿಳಾ ಸಂಘಕ್ಕೆ ಸೇರಿದ ಮೇಲೆ. ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಅಂದುಕೊಳ್ಳುತ್ತ ಬರೆದಳು. 'ಗೌ'ಗೆ ಬಂದಾಗ ನಿಂತು ಉಸಿರು ತೆಗೆದುಕೊಂಡಳು. ಬರೆದು ಮುಗಿದ ಮೇಲೆ ಹಾಳೆಯನ್ನು ಕೈ ಚಾಚಿ ದೂರ ಹಿಡಿದು ನೋಡಿದಳು.

"ಈ ಪೇಪರು ಅಲ್ಲಿಗಂಟ ಹೋಯ್ತದಾ ಸಾರ್?"

"ಹೋಗ್ತದೆ."

"ನೋಡವ್ವ, ನಿನಗಿಂತ ಮೊದ್ಲೇ ನಾನು ಹೋದೆ!"

ಅವಳ ನಗು ನಿಲ್ಲಲಿಲ್ಲ. ನಗುತ್ತಲೇ ಎದ್ದು, "ಅನ್ನಮ್ಮಂಗೆ, ಅವಳ ಮೇಷ್ಟ್ರಿಗೆ ನಾಕು ಉಂಡೆ ಕೊಡ್ಬೇಕು ಅಂತಿದ್ದೆ. ಇವಳು ಹೋಗೋದು ಇನ್ನೂ ಮೂರು ತಿಂಗ್ಳು. ಅಷ್ಟೊತ್ತಿಗೆ ಒಳ್ಳೇವೆಲ್ಲ ಮಾರಾಟಕ್ಕೆ ಮಂಡಿಗೆ ಹೋಗಿರ್ತವೆ" ಎಂದಳು.

"ಕೊಡಿ ಕಣಮ್ಮ," ಎಂದರು ರಂಗನಾಥ್ ಕಾಫಿ ಲೋಟ ಕೆಳಗಿಡುತ್ತ. "ಮುಂದಿನ ತಿಂಗಳು ನಾನೇ ತಗೊಂಡು ಹೋಗ್ತೀನಿ."

"ನೀವೂ ಹೋಯ್ತೀರಾ?"

"ಹದಿನೈದು ದಿನ. ಮೇಷ್ಟ್ರುಗಳಿಗೂ ಒಂದು ಇದೆ, ಇದೇ ಯೋಜನೇಲಿ. ಡೈರೆಕ್ಟರು ಈ ಸಲ ನನ್ನ ಹೆಸರು ಹಾಕಿದಾರೆ." ಹೇಳಿ ಮುಗಿಸುವಷ್ಟರಲ್ಲಿ ಅವರ ದನಿ ಇಳಿಯಿತು. ಎದ್ದು ಬಾಗಿಲಿಗೆ ಹೋಗಿ ಶೂ ಹಾಕಿಕೊಳ್ಳತೊಡಗಿದರು. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು.

ಪುಟ್ಟಗೌರಮ್ಮ ಅಟ್ಟ ಹತ್ತಿ, ಮತ್ತೆ ಅಲ್ಲಾಡಿಸಿ ಕೇಳಿ, ಹತ್ತು ಕಾಯಿ ಆರಿಸಿ ಕೆಳಗೆ ಕೊಟ್ಟಳು. "ನಂಬರ್ ಇರೋವೇ ಕೊಡ್ತೀನಿ ಕಣವ್ವ. ಕಿವಿಯಾರ ಕೇಳಿರೋವು ಇವೇ." ಹಿತ್ತಲಲ್ಲಿ ನೆಟ್ಟಿದ್ದ ಕಬ್ಬಿಣದ ಗೂಟಕ್ಕೆ ಅವಳು ಕಾಯಿ ಚುಚ್ಚಿ ತಿರುಚಿದರೆ ಒಣಗಿದ ಸಿಪ್ಪೆ ಮೂರೇ ಎಳೆತಕ್ಕೆ ಬಿಟ್ಟುಕೊಳ್ಳುತ್ತಿತ್ತು. ಯಾಸ್ಮಿನ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮಚ್ಚಿನ ಹಿಂಬದಿಯಿಂದ ಚಿಪ್ಪನ್ನು ಸುತ್ತಲೂ ಮೆಲ್ಲಗೆ ತಟ್ಟಿದಳು. ಇದನ್ನು ಕಲಿಸಿದವಳೂ ಪುಟ್ಟಗೌರಮ್ಮನೇ. ಚಿಪ್ಪು ಒಡೆದು, ಉಂಡೆ ಒಂದು ಗೀರೂ ಇಲ್ಲದೆ ಅಂಗೈಗೆ ಬಂತು. ಹತ್ತನ್ನೂ ಬಟ್ಟೆ ಚೀಲಕ್ಕೆ ಹಾಕಿದಾಗ ಯಾವುದು ಎಷ್ಟನೆಯದು ಎಂದು ಹೇಳುವಂತಿರಲಿಲ್ಲ.

ರಂಗನಾಥ್ ಚೀಲವನ್ನು ಮುಂದಿನ ಸೀಟಿನಲ್ಲಿಟ್ಟು, ಅದರ ಮೇಲೆ ಫೈಲನ್ನಿಟ್ಟರು. "ಅಪ್ಪನಿಗೆ ನಮಸ್ಕಾರ ಹೇಳು," ಎಂದರು. ಕಾರು ತೋಟದ ದಾರಿ ಹಿಡಿದು, ತಿರುವಿನಲ್ಲಿ ಮರೆಯಾಯಿತು.

ಯಾಸ್ಮಿನ್ ನೋಟುಬುಕ್ಕು, ತೂಕದ ಯಂತ್ರ ತರಲು ಏಣಿ ಹತ್ತಿದಳು. ಬೆಳಕಿಂಡಿಯ ಕೆಳಗೆ ಫೋನು ಹೊಡೆದುಕೊಳ್ಳುತ್ತಿತ್ತು.

"ಎಲ್ಲೋಗಿದ್ದೆ? ಆಗಿಂದ ಮಾಡ್ತಿದ್ದೀನಿ. ಗುಂಡಿ ಕಪ್ಪು ಹಾಕ್ಲಾ, ಕಂದು ಹಾಕ್ಲಾ? ಕಪ್ಪು ಹಾಕಿದ್ರೆ ವಕೀಲರ ಕೋಟಿನ ತರ ಕಾಣ್ತೈತೆ ಅಂತಾನೆ ಪಕ್ಕದ ಅಂಗಡಿ ಬಾಲರಾಜು."

ಅವಳು ಒಂದು ಕ್ಷಣ ಫೋನನ್ನು ಕಿವಿಯಿಂದ ದೂರ ಹಿಡಿದಳು.

"ಕಂದು ಹಾಕಿ ಅಬ್ಬಾ."

"ನಾನೂ ಅದೇ ಅಂದೆ! ಸಾಯಂಕಾಲ ಬಾ, ಹಾಕ್ಕೊಂಡು ನೋಡಿಬಿಡು."

ಕೆಳಗಿನಿಂದ ಪುಟ್ಟಗೌರಮ್ಮ ಕೂಗಿದಳು. "ಯಾಸ್ಮಿನ್ನವ್ವ, ಉಂಡ್ಕಂಡು ಹೋಗು, ಮುದ್ದೆಗೆ ಎಸ್ರಿಟ್ಟಿದ್ದೀನಿ. ಕೋಟು ಆದ್ಮೇಲೆ ಹಾಕ್ಕಂಡು ಒಂದ್ಸಲ ಬಂದು ತೋರಿಸ್ಬೇಕು ಕಣೇ. ಎಂಗೆ ಕಾಣ್ತೀಯೋ ನೋಡ್ಬೇಕು."

"ತೋರಿಸ್ತೀನಿ ಅಮ್ಮ."

ಪುಟ್ಟಗೌರಮ್ಮ ಹಿತ್ತಲಿಂದ ಒಂದು ತೆಕ್ಕೆ ಸಿಪ್ಪೆ ತಂದು ಒಲೆಯ ಬಾಯಿಗೆ ತುರುಕಿ ಊದಿದಳು. ಯಾಸ್ಮಿನ್ ಹಲಗೆಯ ಸಂದಿನಿಂದ ನೋಡಿದಳು. ಮೇಲಿದ್ದ ಸಿಪ್ಪೆಯ ಮೇಲೆ ನಲವತ್ತೇಳು ಎಂದಿತ್ತು. ಬಣ್ಣ ಮೊದಲು ಉಬ್ಬಿ, ಗುಳ್ಳೆ ಎದ್ದು, ನಾಲ್ಕು ಅಳಿಸಿಹೋಗಿ ಏಳು ಮಾತ್ರ ಸ್ವಲ್ಪ ಹೊತ್ತು ಉಳಿಯಿತು. ಹೊಗೆ ಸಂದುಗಳಲ್ಲಿ ಮೇಲೆದ್ದು ಬಂದು, ಅಟ್ಟದ ಮೂಲೆಯಲ್ಲಿ ಹೊಸದಾಗಿ ಸುರಿದಿದ್ದ, ಇನ್ನೂ ನೀರು ಕುಲುಕುವ ಕಾಯಿಗಳನ್ನು ನಿಧಾನವಾಗಿ ಆವರಿಸಿತು.